ಅಂಗನವಾಡಿಗೆ ಬೇಕಿರೋದು ಹೊಸ ಬೋರ್ಡಲ್ಲ

2024ರಲ್ಲಿ ಕರ್ನಾಟಕದಲ್ಲಿ ಪುಟ್ಟ ಮಕ್ಕಳ ವಿಷಯಕ್ಕೆ ಎರಡು ಇಲಾಖೆಗಳ ನಡುವೆ ಒಂದು ಎಳೆದಾಟ ನಡೀತು. ಶಾಲಾ ಶಿಕ್ಷಣ ಇಲಾಖೆ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯೋಕೆ ಹೊರಟಿತು. ಮಕ್ಕಳೆಲ್ಲ ಅತ್ತ ಹೋದ್ರೆ ನಮ್ಮ ಗತಿ ಏನು ಅಂತ ಅಂಗನವಾಡಿ ಕಾರ್ಯಕರ್ತೆಯರು ಧರಣಿ ಕೂತರು. ಸರ್ಕಾರ ಒಂದು ಮಧ್ಯದ ದಾರಿ ಹಿಡಿಯಿತು: ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು ‘ಸರ್ಕಾರಿ ಮಾಂಟೆಸ್ಸರಿ’ ಆದವು.

ಕಾರ್ಯಕರ್ತೆಯರ ಭಯ ನ್ಯಾಯವಾದದ್ದೇ. ಆದರೆ ಚರ್ಚೆಯೆಲ್ಲ ಮಗು ಯಾವ ಕಟ್ಟಡದಲ್ಲಿ ಕೂರಬೇಕು, ಬಾಗಿಲ ಮೇಲೆ ಏನಂತ ಬರೀಬೇಕು ಅನ್ನೋದರ ಸುತ್ತಲೇ ಸುತ್ತಿತು. ಒಳಗೆ ಆ ಮಗುವಿನ ಜೊತೆ ದಿನಕ್ಕೆ ಎಷ್ಟು ಹೊತ್ತು, ಯಾರು ಕೂರ್ತಾರೆ? ಅದನ್ನ ಕೇಳಿದವರು ಕಮ್ಮಿ.

ಇಲ್ಲಿ ಮಸ್ಕತ್‌ನಲ್ಲೇ ಹುಟ್ಟಿ ಬೆಳೆದವರಿಗೆ ಒಂದು ಮಾತು. ಅಂಗನವಾಡಿ ಅಂದ್ರೆ ಅಂಗಳದಲ್ಲಿ ನಡೆಯೋ ಶಾಲೆ ಅಷ್ಟೇ ಅಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಇತ್ತು. ಉದ್ದೇಶ ಆರು ವರ್ಷದೊಳಗಿನ ಮಕ್ಕಳ ಊಟ, ಆರೋಗ್ಯ, ಕಲಿಕೆ ಮೂರೂ. ಇದನ್ನೆಲ್ಲ ನೋಡಿಕೊಳ್ಳೋಕೆ ಒಬ್ಬ ಕಾರ್ಯಕರ್ತೆ, ಅಡುಗೆಗೆ ಒಬ್ಬ ಸಹಾಯಕಿ. ಆಮೇಲೆ ಬಂದ ಒಳ್ಳೆಯ ಯೋಜನೆಗಳೆಲ್ಲ ಇದೇ ಇಬ್ಬರ ಹೆಗಲೇರಿದವು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2017ರಲ್ಲಿ ಮಾತೃಪೂರ್ಣ ಬಂತು, ಅಂದ್ರೆ ಗರ್ಭಿಣಿ, ಬಾಣಂತಿಯರಿಗೆ ಅಲ್ಲೇ ಮಧ್ಯಾಹ್ನದ ಬಿಸಿಯೂಟ. 2021ರಲ್ಲಿ ಮೊಬೈಲಲ್ಲಿ ಪೋಷಣ್ ಟ್ರ್ಯಾಕರ್. ತೂಕ, ಎತ್ತರ, ಹಾಜರಿ, ಊಟ ಎಲ್ಲಾ ಅದರೊಳಗೆ ಹೋಗಬೇಕು. ಮನೆಗೆ ಕೊಡೋ ರೇಷನ್ನಿಗೆ ಈಗ ಮುಖವನ್ನೂ ಸ್ಕ್ಯಾನ್ ಮಾಡಬೇಕು. ಇಷ್ಟಾದ ಮೇಲೆ ಉಳಿದ ಸಮಯದಲ್ಲಿ ಪಾಠ.

ಅದಕ್ಕೆ ಸಿಗೋದು ಸಂಬಳ ಅಲ್ಲ, ‘ಗೌರವಧನ’. 2018ರ ಅಕ್ಟೋಬರಿನಲ್ಲಿ ಕೇಂದ್ರ ಅದನ್ನ ತಿಂಗಳಿಗೆ 3,000ದಿಂದ 4,500 ರೂಪಾಯಿಗೆ ಏರಿಸಿತು, ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸ್ತವೆ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ ಹೇಳೋಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯ್ತು.

ಡೇಟಾ ನೋಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ನನ್ನ ಕಣ್ಣು ಹೋಗಿದ್ದು ತಮಿಳುನಾಡಿನ ಒಂದು ಪ್ರಯೋಗದ ಕಡೆ. ಗನಿಮಿಯನ್, ಕಾರ್ತಿಕ್ ಮುರಳೀಧರನ್, ವಾಲ್ಟರ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 320 ಕೇಂದ್ರಗಳನ್ನ ತಗೊಂಡು, ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಕಡೆ ಅರ್ಧ ದಿನದ ಕೆಲಸಕ್ಕೆ ಇನ್ನೊಬ್ಬರನ್ನ ಸೇರಿಸಿದರು. ಕಲಿಸೋದು ಹೊಸಬರ ಪಾಲು. ಹಳಬರಿಗೆ ಊಟ, ಆರೋಗ್ಯದ ಕೆಲಸಕ್ಕೆ ಬಿಡುವು. ಪಾಠದ ಸಮಯ ಇಮ್ಮಡಿಯಾಯ್ತು. 18 ತಿಂಗಳಾದ ಮೇಲೆ ಗಣಿತದ ಅಂಕ 0.29, ಭಾಷೆಯದು 0.46 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಮೇಲೇರಿತ್ತು. ಸರಳವಾಗಿ ಹೇಳೋದಾದ್ರೆ, ನೂರು ಮಕ್ಕಳ ಸಾಲಿನಲ್ಲಿ ನಡುವೆ ನಿಂತಿದ್ದ ಮಗು ಗಣಿತದಲ್ಲಿ ಹನ್ನೊಂದು, ಭಾಷೆಯಲ್ಲಿ ಹದಿನೇಳು ಹದಿನೆಂಟು ಮಕ್ಕಳನ್ನ ದಾಟಿ ಮುಂದೆ ಹೋದ ಹಾಗೆ. ತೀವ್ರ ಅಪೌಷ್ಟಿಕತೆಯೂ ಇಳಿಯಿತು.

ಒಂದು ಎಚ್ಚರಿಕೆ. ಇದು ಕೇಂದ್ರದಲ್ಲೇ ಉಳಿದ ಮಕ್ಕಳ ಲೆಕ್ಕ. ಬಿಟ್ಟುಹೋದವರನ್ನೂ ಸೇರಿಸಿದ್ರೆ ಪರಿಣಾಮ ಚಿಕ್ಕದಾಗುತ್ತೆ. ಆದರೂ ಖರ್ಚಿಗೆ ಹೋಲಿಸಿದ್ರೆ ಲಾಭ ಎಷ್ಟೋ ಪಟ್ಟು ಹೆಚ್ಚು.

ಹಾಗಂತ ಸರ್ಕಾರದ ಹಣ ಸುರಿದ ಕಡೆಯೆಲ್ಲ ಮಕ್ಕಳು ಕಲೀತಾರೆ ಅಂತಲೂ ಅಲ್ಲ. ಅಮೆರಿಕದ ಟೆನೆಸ್ಸೀ ರಾಜ್ಯ ಬಡ ಮಕ್ಕಳಿಗಾಗಿ ನಡೆಸಿದ ಪ್ರೀ-ಕೆ ತರಗತಿಗಳಲ್ಲಿ ಪರವಾನಗಿ ಪಡೆದ ಶಿಕ್ಷಕರಿದ್ದರು, ಗುಂಪುಗಳೂ ಚಿಕ್ಕವು. 2022ರಲ್ಲಿ ಬಂದ ವರದಿ ನೋಡಿದ್ರೆ, ಆ ಮಕ್ಕಳು ಆರನೇ ಕ್ಲಾಸಿಗೆ ಬರೋ ಹೊತ್ತಿಗೆ, ಪ್ರೀ-ಕೆ ಸೀಟು ಸಿಗದ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ನಾಲ್ಕು ವರ್ಷದ ಮಗುವನ್ನ ಬೆಂಚಿನ ಮೇಲೆ ಕೂರಿಸಿ ಎಬಿಸಿಡಿ ತಿದ್ದಿಸೋದೇ ಗುಣಮಟ್ಟ ಅಂದುಕೊಂಡಿರೋ ಎಲ್‌ಕೆಜಿ ಅಭಿಮಾನಿಗಳು ಇದನ್ನ ಓದಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಅಂಗನವಾಡಿ ಹುಟ್ಟಿದ ಅದೇ 1975ರಲ್ಲಿ ಇಂಡಿಯನ್ ಸ್ಕೂಲ್ ಮಸ್ಕತ್ ಕೂಡ ಹುಟ್ಟಿತು. ಇದು ನಡೆಯೋದು ಪೋಷಕರ ಫೀಸಿನಿಂದ. ಒಮಾನ್‌ನ ಸರ್ಕಾರಿ ಶಾಲೆಗಳೂ ಮುಖ್ಯವಾಗಿ ಒಂದನೇ ಕ್ಲಾಸಿನಿಂದಲೇ ಶುರು, ಅದಕ್ಕೂ ಮುಂಚಿನದು ಹೆಚ್ಚಾಗಿ ಖಾಸಗಿ. ಹಾಗಾಗಿ ಕೆಜಿ ಅಂದ್ರೆ ರಿಯಾಲ್ ಎಣಿಸಿ ಕೊಳ್ಳೋ ಸಾಮಾನು ಅಂತ ನಮಗೆ ರೂಢಿಯಾಗಿಬಿಟ್ಟಿದೆ. ಊರಿಗೆ ಹೋದ್ರೆ ಅಣ್ಣನ ಮಗೂಗೆ ಕಾನ್ವೆಂಟ್ ಫೀಸು ನಾವೇ ಕಟ್ಟಿ, ‘ಅಂಗನವಾಡೀಲಿ ಏನಿದೆ, ಬರೀ ಉಪ್ಪಿಟ್ಟು’ ಅಂತೀವಿ. ಊರಲ್ಲಿ ಮಾತಿನ ಬಲ ಇರೋ ಮನೆಗಳು ಹೀಗೆ ಒಂದೊಂದಾಗಿ ಕೈಬಿಟ್ಟ ಮೇಲೆ ಅಲ್ಲಿ ಇನ್ನೊಬ್ಬ ಟೀಚರ್ ಬೇಕು ಅಂತ ಜೋರಾಗಿ ಕೇಳೋರು ಯಾರು?

ಮನಸ್ಸು ಕರಗಿದಾಗ ಗೋಡೆಗೆ ಬಣ್ಣ, ಒಂದು ಸ್ಮಾರ್ಟ್ ಟಿವಿ ಕೊಡಿಸ್ತೀವಿ. ಫೋಟೋ ಚೆನ್ನಾಗಿ ಬರುತ್ತೆ. ಟಿವಿ ಒಂದು ಸಲದ ಖರ್ಚು, ಇನ್ನೊಬ್ಬರ ಸಂಬಳ ಪ್ರತಿ ತಿಂಗಳದ್ದು. 65,000ಕ್ಕೂ ಹೆಚ್ಚು ಕೇಂದ್ರಗಳಿಗೆ ವರ್ಷವಿಡೀ ಅದನ್ನ ಯಾವ ಸಂಘದ ದೇಣಿಗೆಯೂ ಹೊರಲಾರದು. ಅದು ಬರಬೇಕಾದದ್ದು ರಾಜ್ಯದ ಬಜೆಟ್‌ನಲ್ಲಿ, ಮಾಂಟೆಸ್ಸರಿ ಬೋರ್ಡಿಗಿಂತ ಮುಂಚಿನ ಸಾಲಿನಲ್ಲಿ.