ಬೈಯುವವರಿಲ್ಲದ ಆಟ

2023ರ ನವೆಂಬರಿನ ಒಂದು ಬೆಳಗ್ಗೆ ಟೆಕ್ಸಾಸಿನಿಂದ ಅಳಿಯನ ಫೋನು ಬಂತು. ತಿರುವೊಟ್ಟಿಯೂರಿನ ನಮ್ಮ ಮನೆಯ ಮುಂದೆ ಎನ್ನೂರು ಎಕ್ಸ್‌ಪ್ರೆಸ್ ರಸ್ತೆಯ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತು ಹಾರನ್ ಒತ್ತುತ್ತಿದ್ದವು. ಆ ಗದ್ದಲದಲ್ಲಿ ನನಗೆ ಮೊದಲು ಕೇಳಿಸಿದ್ದು 'ಎಲ್ಲಾ ಹಾಳು ಮಾಡಿಬಿಟ್ರು ಮಾವ' ಅನ್ನೋ ಮಾತು. ಯಾರಿಗೆ ಏನಾಯಿತೋ ಅಂತ ಎದೆ ಧಸಕ್ಕೆಂದಿತು. ವಿಚಾರಿಸಿದರೆ ವಿಷಯ ಇಷ್ಟು: ಅವನು ಎಂ.ಎಸ್. ಓದಿದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡದ ಕೋಚ್ ಜಿಂಬೋ ಫಿಶರ್‌ನನ್ನು ಕೆಲಸದಿಂದ ತೆಗೆದುಹಾಕಿದೆ. ಕರಾರು 2031ರ ತನಕ ಇದ್ದದ್ದರಿಂದ ಆ ಮನುಷ್ಯನನ್ನು ಮನೆಗೆ ಕಳಿಸುವುದಕ್ಕೇ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಕೊಡಬೇಕು. 2021ರಲ್ಲಿ ಆ ಕರಾರನ್ನು ಹಿಗ್ಗಿಸಿ ಸಹಿ ಹಾಕಿದ ದೊಡ್ಡವರ ತಲೆಯಲ್ಲಿ ಏನಿತ್ತು ಅನ್ನುವುದು ಅಳಿಯನ ಪ್ರಶ್ನೆ.

ಬ್ಯಾಂಕಿನವನ ಬುದ್ಧಿ ಬಿಡಬೇಕಲ್ಲ, ಆಗಿನ ದರದಲ್ಲಿ ಗುಣಿಸಿ ನೋಡಿದೆ. ಆರುನೂರು ಕೋಟಿ ರೂಪಾಯಿ ಮೀರುತ್ತೆ. ಆಟ ಕಲಿಸಬೇಡ ಅಂತ ಹೇಳೋದಕ್ಕೆ ಆರುನೂರು ಕೋಟಿ! ಅದೂ ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಅವರ ಫುಟ್‌ಬಾಲಿಗೆ. ಅಳಿಯ ಮುಕ್ಕಾಲು ಗಂಟೆ ಕೂಗಾಡಿದ. ಕುಲಪತಿಗಳಿಂದ ಹಿಡಿದು ದೇಣಿಗೆ ಕೊಡುವ ಎಣ್ಣೆ ಸಾಹುಕಾರರ ತನಕ ಒಬ್ಬರನ್ನೂ ಬಿಡಲಿಲ್ಲ. ಫೋನಿಟ್ಟ ಮೇಲೆ ನನ್ನ ಹೆಂಡತಿ ಕೇಳಿದಳು: 'ಸೋತೋರು ಆ ಹುಡುಗರು, ತೆಗೆದಿದ್ದು ಆ ಕೋಚನ್ನ. ನಿಮ್ಮ ಅಳಿಯನಿಗ್ಯಾಕೆ ಜ್ವರ?'

ಆಗ ನಕ್ಕುಬಿಟ್ಟೆ. ಆದರೆ ಸಂಜೆ ಪಟ್ಟಿನತ್ತಾರ್ ಸಮಾಧಿಯ ಕಡೆ ವಾಕಿಂಗ್ ಹೋದಾಗ, ಕಡಲಿಗೆ ಅಡ್ಡ ಒಟ್ಟಿರುವ ಕಲ್ಲುಬಂಡೆಗಳ ಮೇಲೆ ಕೂತು ಯೋಚಿಸಿದರೆ ನಗು ಹೋಗಿ ಹೊಟ್ಟೆಕಿಚ್ಚು ಶುರುವಾಯಿತು. ಓದು ಮುಗಿಸಿ ಎಷ್ಟೋ ವರ್ಷವಾದ ಮೇಲೂ ತನ್ನ ಕಾಲೇಜಿನ ತಂಡದ ಬಗ್ಗೆ ಇಷ್ಟು ಸಿಟ್ಟು ಬರಬೇಕಾದರೆ ಆ ತಂಡ ಅವನದು ಆಗಿರಬೇಕು. ಅವರ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಅಷ್ಟು ಜನರ ಬಾಯಿಗೆ ಹೆದರಿ ಅಲ್ಲಿನ ಆಡಳಿತ ತಪ್ಪು ಕರಾರಿಗೆ ಸಹಿ ಹಾಕುತ್ತದೆ, ಅದೇ ಬಾಯಿಗೆ ಹೆದರಿ ದುಡ್ಡು ಚೆಲ್ಲಿ ತಪ್ಪು ತಿದ್ದಿಕೊಳ್ಳುತ್ತದೆ. ಸರಿ, ಅದು ಒಂದು ಬಗೆಯ ಹುಚ್ಚು. ಆದರೆ ನಮ್ಮ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡ ಸೋತರೆ ಬೈಯುವವರು ಯಾರು? ಅಷ್ಟೇಕೆ, ನೀವು ಓದಿದ ವಿಶ್ವವಿದ್ಯಾಲಯದ ತಂಡ ಕಳೆದ ವರ್ಷ ಎಲ್ಲಿ ಆಡಿತು, ಯಾರ ಮೇಲೆ ಸೋತಿತು, ಹೇಳಿ ನೋಡೋಣ. ನನಗೂ ಗೊತ್ತಿಲ್ಲ.

ನನಗೆ ಗೊತ್ತಿರುವ ಕಥೆ 1979ರದು. ನಮ್ಮ ತಂದೆ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿದ್ದರು, ಮನೆ ದೂರವಾಣಿನಗರದಲ್ಲಿ. ಕಾರ್ಖಾನೆಗೇ ಒಂದು ಫುಟ್‌ಬಾಲ್ ತಂಡವಿದ್ದ ಕಾಲ ಅದು. ಚೆಂಡಿನ ಹುಚ್ಚು ನನಗೂ ಇತ್ತು, ಆದರೆ ಕಾಲಿನಲ್ಲಿ ಅಲ್ಲ, ಗಂಟಲಿನಲ್ಲಿ. ಬಿ.ಕಾಂ. ಓದುವಾಗ ನಮ್ಮ ಕಾಲೇಜು ತಂಡ ಅಂತರ ಕಾಲೇಜು ಫೈನಲ್ ತಲುಪಿತು. ಹುಡುಗರಿಗೆ ಹೋಗಿಬರೋದಕ್ಕೆ ವ್ಯಾನಿನ ದುಡ್ಡು ಮಂಜೂರಾಗಲಿಲ್ಲ, ಬಿ.ಟಿ.ಎಸ್. ಬಸ್ಸಿನಲ್ಲಿ ಬೂಟುಗಳನ್ನು ಕೊರಳಿಗೆ ಕಟ್ಟಿಕೊಂಡು ನಿಂತೇ ಹೋದರು. ನಾವೊಂದಿಪ್ಪತ್ತು ಜನ ಹಿಂದಿನ ಬಸ್ಸಿನಲ್ಲಿ. ಒಂದು ಗೋಲಿನಿಂದ ಗೆದ್ದೆವು. ಮಾರನೆಯ ದಿನ ಪ್ರಿನ್ಸಿಪಾಲರು ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಮೂರು ತಿಂಗಳಾದ ಮೇಲೆ ಅದೇ ಫೋಟೋದಲ್ಲಿದ್ದ ಗೋಲ್‌ಕೀಪರನಿಗೆ ಹಾಜರಿ ಸಾಲದು ಅಂತ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಅವನು ಗೈರುಹಾಜರಾಗಿದ್ದು ಕಾಲೇಜಿನ ಪರವಾಗಿ ಆಡಿದ ದಿನಗಳಲ್ಲೇ.

ನಮಗೆ ರೇಗಿಹೋಯಿತು. ಅರ್ಜಿ ಬರೆದೆವು, ನಲವತ್ತೆರಡು ಸಹಿ ಬಿತ್ತು. ಪ್ರಿನ್ಸಿಪಾಲರು ಒಬ್ಬೊಬ್ಬರನ್ನೇ ಕರೆಸಿದರು. ನನ್ನ ಸರದಿ ಬಂದಾಗ ಕೇಳಿದ್ದು ಒಂದೇ ಮಾತು: 'ಎಂ.ಕಾಂ.ಗೆ ಹೋಗಬೇಕು ಅಂತಿದೀಯಂತೆ, ನಡತೆ ಸರ್ಟಿಫಿಕೇಟ್ ಯಾರು ಕೊಡ್ತಾರೆ?' ನಾನು ಅಲ್ಲೇ ಪೆನ್ನು ತೆಗೆದು ನನ್ನ ಹೆಸರನ್ನು ಹೊಡೆದುಹಾಕಿದೆ. ಗೋಲ್‌ಕೀಪರ್ ಒಂದು ವರ್ಷ ಕಳೆದುಕೊಂಡ. ನಾನು ಎಂ.ಕಾಂ. ಮಾಡಿದೆ.

ಆ ಆಟಕ್ಕೆ ಬೆಂಗಳೂರಿನಲ್ಲಿ ಬೇರು ಎಷ್ಟು ಆಳಕ್ಕೆ ಹೋಗಿತ್ತು ಅನ್ನುವುದು ನನಗೆ ತಿಳಿದದ್ದು ಮದರಾಸಿಗೆ ವರ್ಗವಾಗಿ ಬಂದ ಮೇಲೆ. ಇಲ್ಲಿನ ಸಹೋದ್ಯೋಗಿಗಳು 'ನಿಮ್ಮೂರಲ್ಲಿ ಫುಟ್‌ಬಾಲ್ ಆಡ್ತಾರಾ ಸಾರ್?' ಅಂತ ಕೇಳಿದಾಗ ರೋಷದಿಂದ ಪಟ್ಟಿ ಒಪ್ಪಿಸುತ್ತಿದ್ದೆ. 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರ್ ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಲ್ಲಿ ಸೋತಾಗ ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ರಾಮನ್. ಅದೇ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್, ಗೋಲ್‌ಕೀಪರ್ ವರದರಾಜ್. ಮುಂದೆ ಕೆಂಪಯ್ಯ, ಅರುಮೈನಾಯಗಂ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಪಟ್ಟಿ ಕೇಳಿದ ಒಬ್ಬರು ನಕ್ಕು, 'ಸಾರ್, ಇದರಲ್ಲಿ ಅರ್ಧ ಹೆಸರು ನಮ್ಮವೇ ಅಲ್ವಾ?' ಅಂದರು. ಹೌದಲ್ಲ! ದಂಡಿನ ಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಎಷ್ಟೋ ಮನೆಗಳ ಮಾತು ತಮಿಳೇ. ಅವರು ಗೋಲು ಹೊಡೆದಾಗ ನಾವು ಕೂಗಿದ್ದು ಕನ್ನಡದಲ್ಲಿ. ಯಾವ ಭಾಷೆಯವರು ಅಂತ ಆಗ ಯಾರೂ ಕೇಳಿರಲಿಲ್ಲ. ಪರಊರಿನಲ್ಲಿ ನಾನು ಬೇಗ ಒಗ್ಗಿಹೋಗಲು ಈ ಮಾತು ಸಹಾಯ ಮಾಡಿತು.

ಈ ಎರಡೂ ಊರಿನ ಬಡ ಹುಡುಗರಿಗೆ ಆಟದಿಂದ ಅನ್ನಕ್ಕೆ ಹೋಗುವ ದಾರಿ ಒಂದೇ ಇತ್ತು. ಕಾಲೇಜಿನಲ್ಲಿ ಕ್ರೀಡಾ ಕೋಟಾದಡಿ ಒಂದು ಸೀಟು, ವಿಶ್ವವಿದ್ಯಾಲಯದ ತಂಡದಲ್ಲಿ ಒಂದು ಜಾಗ, ಅಲ್ಲಿಂದ ಕಾರ್ಖಾನೆಗೋ ಬ್ಯಾಂಕಿಗೋ. ಐಟಿಐ, ಎಚ್‌ಎಎಲ್, ಚೆನ್ನೈಯ ಇಂಡಿಯನ್ ಬ್ಯಾಂಕ್, ಕೇರಳದ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್, ಇವೆಲ್ಲ ದೇಶದ ದೊಡ್ಡ ಲೀಗುಗಳಲ್ಲಿ ಆಡಿದ ತಂಡಗಳು. ನಾನಿದ್ದ ಬ್ಯಾಂಕಿನದು ಅಷ್ಟು ದೊಡ್ಡದಲ್ಲ, ಸ್ಥಳೀಯ ಲೀಗಿನ ಕೆಳಗಿನ ಡಿವಿಷನ್ನು. ಆದರೂ ಹದಿನಾಲ್ಕು ಹುಡುಗರಿದ್ದರು. ಮೂರು ಗಂಟೆಗೆ ಕೌಂಟರ್ ಬಿಟ್ಟು ಮೈದಾನಕ್ಕೆ ಹೋಗುತ್ತಿದ್ದರು, ಶನಿವಾರ ನಾನೂ ಹಿಂದೆ ಹೋಗಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ದೇಶದಲ್ಲಿ ಸುಮಾರು ಒಂದು ಲಕ್ಷ ಜನ ಮನೆಗೆ ಹೋದರು. ಎಲ್ಲ ಕಡೆ ಖರ್ಚು ಕತ್ತರಿಸುವ ಮಾತು. ನಾನು ಆಗ ಸಿಬ್ಬಂದಿ ವಿಭಾಗದಲ್ಲಿದ್ದೆ. ಕ್ರೀಡಾ ನೇಮಕಾತಿಯ ಬಗ್ಗೆ ಒಂದು ಟಿಪ್ಪಣಿ ತಯಾರಿಸಿ ಅಂದರು. ಎಂ.ಕಾಂ. ವಿದ್ಯೆಯನ್ನೆಲ್ಲ ಸುರಿದು ಬರೆದೆ. ಕೌಂಟರಿನಲ್ಲಿ ನಷ್ಟವಾದ ಗಂಟೆಗಳು, ವಿಶೇಷ ರಜೆ, ಬೂಟು-ಬನಿಯನ್, ಪ್ರಯಾಣ ಭತ್ಯೆ, ಕೊನೆಗೆ ಒಬ್ಬ ಆಟಗಾರನಿಗೆ ವರ್ಷಕ್ಕೆ ತಲಾ ವೆಚ್ಚ. ಎದುರಿನ ಕಾಲಮ್ಮಿನಲ್ಲಿ ಲಾಭ. ಅದಕ್ಕೆ ಯಾವ ಅಂಕಿಯೂ ನನ್ನ ಹತ್ತಿರ ಇರಲಿಲ್ಲ. ಅಳೆಯಲು ಬಾರದ್ದನ್ನು ಖಾಲಿ ಬಿಡಬೇಕಿತ್ತು; ನಾನು ಸೊನ್ನೆ ಅಂತ ಬರೆದೆ. ಟ್ರಯಲ್ಸಿನಲ್ಲಿ ಆಯ್ಕೆಯಾಗಿ ಆರ್ಡರಿಗೆ ಕಾಯುತ್ತಿದ್ದ ಮೂವರ ಹೆಸರಿನ ಮುಂದೆ 'ಕೈಬಿಡಬಹುದು' ಅಂತ ಸೂಚಿಸಿದೆ. ಮೇಲಿನವರು ಪೂರ್ತಿ ಓದಿದರೋ ಇಲ್ಲವೋ, ಹಸಿರು ಇಂಕಿನಲ್ಲಿ ಸಹಿ ಬಿತ್ತು. ಮುಂದಿನ ಎರಡು ಸೀಸನ್ನಿನಲ್ಲಿ ತಂಡವೇ ಕರಗಿಹೋಯಿತು. ಒಬ್ಬರಾದರೂ ಕೇಳಲಿಲ್ಲ. ಒಂದು ಪತ್ರ, ಒಂದು ಫೋನು, ಗೇಟಿನ ಮುಂದೆ ಒಂದು ಕೂಗು ಏನೂ ಇಲ್ಲ. ಕೂಗಬೇಕಾದವನೇ ಒಳಗೆ ಕೂತು ಟಿಪ್ಪಣಿ ಬರೆದಿದ್ದ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳನ್ನು ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತೇನೆ. ಇಲ್ಲಿ ದುಡ್ಡಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳು ಹಿಂದಿನಿಂದ ನಡೆದುಬಂದಿವೆ, ವಲಯವಾರು ಆಡಿ ಅಖಿಲ ಭಾರತ ಸುತ್ತಿಗೆ ಹೋಗುವ ಪದ್ಧತಿಯಿದೆ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲೇ ನಡೆಯಿತು. ಆದರೆ ಹೆಚ್ಚಿನ ಕಡೆ ತಂಡ ಹುಟ್ಟುವುದು ಟೂರ್ನಿಯ ಸುತ್ತೋಲೆ ಬಂದ ಮೇಲೆ. ಎರಡು ದಿನ ಆಯ್ಕೆ, ಕೆಲವು ದಿನ ಶಿಬಿರ, ರೈಲು, ಒಂದು ಸೋಲು, ವಾಪಸ್ಸು ರೈಲು. ವರ್ಷವಿಡೀ ನಡೆಯುವ ಕಾಲೇಜು ಲೀಗ್ ಅನ್ನುವುದು ಅಪರೂಪ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಆಡುವ ತಿಂಗಳುಗಳೂ ಕಿರಿದಾದವು. ಪಂದ್ಯ ಯಾವಾಗ ಅಂತ ಪಕ್ಕದ ಹಾಸ್ಟೆಲಿನವನಿಗೇ ತಿಳಿದಿರುವುದಿಲ್ಲ. ಕೇರಳದ ಕ್ಯಾಲಿಕಟ್ ವಿಶ್ವವಿದ್ಯಾಲಯ ಮತ್ತೆ ಮತ್ತೆ ಗೆಲ್ಲುತ್ತದೆ ಅಂದರೆ ಅದಕ್ಕೆ ಅಲ್ಲಿನ ಊರೂರಿನಲ್ಲಿ ಆಟ ನೋಡುವ ಕಣ್ಣು ಇರುವುದೂ ಒಂದು ಕಾರಣ ಅಂತ ನನ್ನ ತಿಳುವಳಿಕೆ.

ಅಮೆರಿಕದ ಹಾದಿ ಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕೋಚಿಗೆ ಕೋಟಿಗಟ್ಟಲೆ ಸುರಿಯುತ್ತಿದ್ದವರು, ಆಡುವ ಹುಡುಗರಿಗೆ ವಿಶ್ವವಿದ್ಯಾಲಯವೇ ನೇರವಾಗಿ ಹಣ ಕೊಡಬಹುದು ಅಂತ ಒಪ್ಪಲು 2025ರ ಕೋರ್ಟು ರಾಜಿ ಬೇಕಾಯಿತು. ಕೂಗುವವರೆಲ್ಲ ಗೆಲುವಿಗಾಗಿ ಕೂಗಿದರೇ ಹೊರತು ಹುಡುಗರ ಪಾಲಿಗಾಗಿ ಅಷ್ಟು ಕೂಗಲಿಲ್ಲ. ಅಭಿಮಾನಿಯ ಸಿಟ್ಟು ಲೆಕ್ಕಪರಿಶೋಧನೆ ಇದ್ದ ಹಾಗೆ. ಅದು ಏನನ್ನು ಪರಿಶೀಲಿಸುತ್ತದೆ ಅನ್ನುವುದೂ ಮುಖ್ಯ. ಆದರೆ ಆಡಿಟ್ಟೇ ಇಲ್ಲದ ಬ್ರಾಂಚಿನಲ್ಲಿ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ವೃತ್ತಿಪರ ಆಟದಲ್ಲಿ ಕೂಗು ಈಗ ಇದೆ. 2025ರ ಆಗಸ್ಟಿನಲ್ಲಿ ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಅನ್ನುವ ಗೊಂದಲದಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿಯಿತು, ಅದೇ ವಾರ ಚೆನ್ನೈಯಿನ್ ಎಫ್‌ಸಿ ತನ್ನ ಚಟುವಟಿಕೆ ನಿಲ್ಲಿಸಿತು. ನನ್ನ ಎರಡೂ ಊರಿಗೆ ಒಂದೇ ವಾರ ಸೂತಕ. ಅಭಿಮಾನಿಗಳು ಫೆಡರೇಶನ್ನನ್ನು ಹಿಗ್ಗಾಮುಗ್ಗಾ ಬೈದರು. ಬೈಯಲಿ. ಆದರೆ ಅದಕ್ಕಿಂತ ಎಷ್ಟೋ ಮೊದಲು ಕಾಲೇಜಿನ ಮೈದಾನಗಳು ಸದ್ದಿಲ್ಲದೆ ಪಾರ್ಕಿಂಗ್ ಜಾಗಗಳಾದಾಗ, ಕಟ್ಟಡಗಳು ಎದ್ದಾಗ, ನಮ್ಮಲ್ಲಿ ಯಾರೂ ಬೈಯಲಿಲ್ಲ.

ನಾನು ಕೇಳುವುದು ಸಣ್ಣ ಸಂಗತಿಗಳು. ವರ್ಷದ ಪಂದ್ಯಗಳ ಪಟ್ಟಿಯನ್ನು ಜೂನಿನಲ್ಲೇ ಗೇಟಿನ ಮುಂದೆ ಅಂಟಿಸಿ. ಆಡಲು ಹೋದ ದಿನವನ್ನು ಹಾಜರಿ ಅಂತಲೇ ಬರೆಯಿರಿ, ಹುಡುಗರನ್ನು ಅರ್ಜಿ ಹಿಡಿದು ಅಲೆಸಬೇಡಿ. ಕ್ರೀಡಾ ಶುಲ್ಕ ಅಂತ ವಸೂಲು ಮಾಡಿದ ಹಣದ ಜಮಾ-ಖರ್ಚನ್ನು ನೋಟೀಸ್ ಬೋರ್ಡಿಗೆ ಹಾಕಿ. ಪಂದ್ಯದ ದಿನ ಗೇಟು ತೆರೆದಿಡಿ, ಬೀದಿಯ ಜನ ಬಂದು ನೋಡಲಿ. ಆಮೇಲೆ ಬೈಗುಳ ತಾನಾಗಿಯೇ ಬರುತ್ತದೆ.

2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಾನು ಈ ತಿರುವೊಟ್ಟಿಯೂರಿನಲ್ಲಿ ಒಬ್ಬನೇ ಕೂಗಿದೆ. ಮಾರನೆಯ ದಿನ ಮೈದಾನದ ಹತ್ತಿರ ಆ ಸುದ್ದಿ ಹೇಳಿದ್ದು ಒಬ್ಬನಿಗೆ ಮಾತ್ರ. ಹಗಲು ಕಂಟೇನರ್ ಯಾರ್ಡಿನಲ್ಲಿ ಸೂಪರ್‌ವೈಸರ್ ಕೆಲಸ, ಭಾನುವಾರ ಬೆಳಗ್ಗೆ ಮೀನುಗಾರರ ಕೇರಿಯ ಮಕ್ಕಳಿಗೆ ಕೋಚು. ಈಗ ಹೊಟ್ಟೆ ಬಂದಿದೆ, ತಲೆ ನರೆತಿದೆ, ಆದರೆ ಎಡಗಾಲಿನಲ್ಲಿ ಚೆಂಡನ್ನು ಎತ್ತಿ ಹಾಕಿದರೆ ನನಗೆ ಗುರುತು ಸಿಗದೆ ಇರುತ್ತದೆಯೇ? ನನ್ನ ಟಿಪ್ಪಣಿಯ ಮೂವರಲ್ಲಿ ಒಬ್ಬ. ತನ್ನ ಕಾಲೇಜಿನ ಲೆಫ್ಟ್ ವಿಂಗ್ ಆಗಿದ್ದವನು.

'ಬ್ಯಾಂಕಲ್ಲಿ ಸೆಲೆಕ್ಟ್ ಆಗಿದ್ದೆ ಸಾರ್, ಏನೋ ಆಗಿ ಆರ್ಡರ್ ಬರಲೇ ಇಲ್ಲ' ಅಂತ ಒಮ್ಮೆ ಅವನೇ ಹೇಳಿದ, ಮಕ್ಕಳ ಬೂಟಿನ ದಾರ ಕಟ್ಟುತ್ತ. ಯಾವ ಬ್ಯಾಂಕು ಅಂತ ನಾನು ಕೇಳಲಿಲ್ಲ. ನಾನು ಎಲ್ಲಿದ್ದೆ ಅಂತ ಅವನೂ ಕೇಳಲಿಲ್ಲ. ಭಾನುವಾರ ಹೋಗುತ್ತೇನೆ, ಬಾಳೆಹಣ್ಣು ತೆಗೆದುಕೊಂಡು ಹೋಗುತ್ತೇನೆ, ರೆಫ್ರಿಯನ್ನು ಬೈಯುತ್ತೇನೆ. ಅವನು ನಗುತ್ತಾನೆ.

ಹೇಳಬೇಕು ಅಂತ ಪ್ರತಿ ವಾರ ಅಂದುಕೊಳ್ಳುತ್ತೇನೆ. ಇಲ್ಲಿ ಬರೆದೆನಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವನಿಗೆ ಕನ್ನಡ ಓದಲು ಬರುವುದಿಲ್ಲ, ಅದು ಗೊತ್ತಿದ್ದೇ ನಾನು ಬರೆದದ್ದು. 1979ರಲ್ಲಿ ಹೆಸರು ಹೊಡೆದುಹಾಕಿದ ಹುಡುಗ ಎಲ್ಲೂ ಹೋಗಿಲ್ಲ. ಬೈಸಿಕೊಳ್ಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ ಅಷ್ಟೆ.