ನೀಡುವ ಕೈ

ಈಚೆಗೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಳಗಾವಿಗೆ ಹೋಗಿದ್ದೆ. ನಾಲ್ಕನೆಯ ದಿನ ಸಂಜೆ, ಇತಿಹಾಸ ಕಲಿಸುವ ಮಿತ್ರರೊಬ್ಬರು ಊರ ನಡುವಿನ ಹೋಟೆಲೊಂದಕ್ಕೆ ಊಟಕ್ಕೆ ಕರೆದೊಯ್ದರು. ಅದೇ ಹೆಸರಿನ ಫಲಕ, ಅದೇ ಬಣ್ಣದ ಗೋಡೆ, ಅದೇ ಅಂಗಿ ತೊಟ್ಟ ಹುಡುಗರು. ಇವನ್ನೆಲ್ಲ ಹತ್ತಾರು ಪಟ್ಟಣಗಳಲ್ಲಿ ಒಂದೇ ಎರಕದಲ್ಲಿ ಹೊಯ್ದು ನಿಲ್ಲಿಸಿದಂಥ ಚೈನ್ ಹೋಟೆಲು ಅದು. ಅನಂತಪುರದಲ್ಲಿ ಹುಟ್ಟಿ ಬೆಳೆದ ನನಗೆ ಇಂಥಲ್ಲಿ ಕುರ್ಚಿಯ ತುದಿಗೆ ಕೂಡುವ ಅಭ್ಯಾಸ ಇನ್ನೂ ಹೋಗಿಲ್ಲ. ಆದರೂ ಅಂದಿನ ಊಟದ ಬಗೆಗೆ ಬರೆಯಬೇಕೆನಿಸಿದೆ. ಪುಸ್ತಕವೊಂದೇ ವಿಮರ್ಶೆಗೆ ಅರ್ಹವೆಂದು ಯಾರು ಹೇಳಿದರು? ನಾಲ್ಕು ಮಂದಿ ಕೂಡಿ ಉಣ್ಣುವ ರೀತಿಗೂ ಒಂದು ಭಾಷೆಯಿದೆ, ಅದನ್ನೂ ಓದಬಹುದು.

ಕೈಗೆ ಬಂದ ತಿನಿಸುಗಳ ಪಟ್ಟಿ ಇಡಿಯಾಗಿ ಇಂಗ್ಲಿಷಿನಲ್ಲಿತ್ತು. ಅದರೊಳಗೊಂದು ಮೂಲೆಯಲ್ಲಿ ‘ನಾರ್ಥ್ ಕರ್ನಾಟಕ ಥಾಲಿ’. ಕೆಳಗೆ ವಿವರ: ಜೋಳದ ರೊಟ್ಟಿ ಎರಡು, ಝುಣಕ, ಎಣ್ಣೆಗಾಯಿ, ಮೊಸರು. ನಮ್ಮ ಶೇಂಗಾ ಹಿಂಡಿ ಅಲ್ಲಿ ‘ಪೀನಟ್ ಚಟ್ನಿ ಪೌಡರ್’ ಆಗಿ ಕೂತಿತ್ತು. ನಮ್ಮ ಓಣಿಯ ಹುಡುಗನನ್ನು ನಮಗೇ ಯಾರೋ ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಟ್ಟಂತಾಯಿತು. ರುಚಿಯನ್ನು ಹಳಿಯಲಾರೆ. ಎಣ್ಣೆಗಾಯಿ ಹದವಾಗಿಯೇ ಇತ್ತು. ರೊಟ್ಟಿ ಮಾತ್ರ ಬಿಸಿಯೂ ಅಲ್ಲ, ಕಟಕವೂ ಅಲ್ಲ, ನಡುವೆ ಎಲ್ಲಿಯೋ ನಿಂತಿತ್ತು. ತಂದಿಟ್ಟ ಹುಡುಗನ ಎದೆಯ ಮೇಲೆ ಹೆಸರಿನ ಬಿಲ್ಲೆ; ಕೈಯಲ್ಲಿ ಬೆರಳಿನಿಂದ ಒತ್ತುವ ಪುಟ್ಟ ಯಂತ್ರ. ಹಿಂದಿಯಲ್ಲಿ ಕೇಳಿದ, ಹಿಂದಿಯಲ್ಲಿ ಹೋದ.

ನನಗೆ ಏನೋ ಕಡಿಮೆಯಾದಂತೆ ತೋರಿತು. ಯೋಚಿಸಿದಾಗ ಅದೊಂದು ಕ್ರಿಯಾಪದವೆಂದು ತಿಳಿಯಿತು. ನಮ್ಮ ಕಡೆ ಊಟವನ್ನು ‘ನೀಡು’ತ್ತಾರೆ. ಭಿಕ್ಷೆ ನೀಡುವುದಕ್ಕೂ ಅದೇ ಮಾತು, ಕೈ ಮುಂದೆ ಚಾಚುವುದಕ್ಕೂ ಅದೇ ಮಾತು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ನಾನು ಎರಡು ವರ್ಷ ಉಂಡದ್ದು ತಿಂಗಳ ಲೆಕ್ಕದ ಖಾನಾವಳಿಯೊಂದರಲ್ಲಿ. ಈ ಹೆಸರೂ ಮರಾಠಿಯ ‘ಖಾಣಾವಳ’ದಿಂದ ಬಂದದ್ದು, ಗಡಿಯವರಾದ ನಮಗೆ ಅದು ಪರಕೀಯವೆಂದು ಎಂದೂ ಅನಿಸಿಲ್ಲ. ಅಲ್ಲಿ ರೊಟ್ಟಿಯನ್ನು ಎಣಿಸುತ್ತಿರಲಿಲ್ಲ. ಒಲೆಯ ಮುಂದೆ ಕೂತು ಬಡಿಯುತ್ತಿದ್ದ ಅವ್ವ ತಟ್ಟೆ ಬರಿದಾದದ್ದನ್ನು ಬೆನ್ನ ಹಿಂದಿನಿಂದಲೇ ತಿಳಿಯುತ್ತಿದ್ದಳು. ಒಂದು ಹೊತ್ತು ತಪ್ಪಿಸಿದರೆ ಮರುದಿನ “ಯಾಕೋ ತಮ್ಮಾ, ನಿನ್ನೆ ಎಲ್ಲಿ ಉಂಡಿ?” ಎಂದು ವಿಚಾರಣೆ. ಈಗಿನ ಹೋಟೆಲಿನಲ್ಲಿ ಊಟ ‘ಬರುತ್ತದೆ’. ಯಾರೂ ನೀಡುವುದಿಲ್ಲ.

ಇದನ್ನೆಲ್ಲ ನಾನು ಉತ್ಸಾಹದಿಂದಲೇ ಮಿತ್ರರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿಕೊಂಡರು. ಆಮೇಲೆ ಮೆಲ್ಲಗೆ ಅಂದರು: “ನಿಮಗ ನೀಡೂ ಕೈ ನೆನಪೈತ್ರಿ ಸರ್. ನಮಗ ಮ್ಯಾಲಿಂದ ನೀರು ಹಾಕೂ ಕೈ ನೆನಪೈತಿ. ಅದಕ್ಕ ನಾ ಇಲ್ಲಿ ಬರತೀನಿ. ಇಲ್ಲಿ ಯಾರೂ ಯಾರ ಪೈಕಿ ಅಂತ ಕೇಳೂದಿಲ್ಲ.”

ಮಿತ್ರರು ಚಿಕ್ಕೋಡಿಯ ಕಡೆಯ ಒಂದು ಊರ ಕೇರಿಯಲ್ಲಿ ಬೆಳೆದವರು. ಅವರ ಬಾಲ್ಯದಲ್ಲಿ ಊರ ಚಹದಂಗಡಿಯ ಹೊರಗೆ ಅವರ ಮಂದಿಗೆಂದು ಬೇರೆ ಬಟ್ಟಲು ಇರುತ್ತಿತ್ತು. ಕುಡಿದು, ತೊಳೆದು, ತಾವೇ ಇಡಬೇಕು. ನನ್ನ ಮಾತು ಅಲ್ಲಿಗೇ ನಿಂತಿತು. ನಮ್ಮ ಖಾನಾವಳಿಗಳ ಫಲಕಗಳ ಮೇಲೆ ಊಟದ ಹೆಸರಿಗಿಂತ ಮೊದಲು ಜಾತಿಯ ಹೆಸರು ಬರುತ್ತಿದ್ದದ್ದನ್ನು ನಾನು ಓದಿರಲಿಲ್ಲವೆ? ಓದಿದ್ದೆ, ವ್ಯಾಕರಣ ನೋಡುವಾಗ ಮರೆತಿದ್ದೆ. 1925ರ ಏಪ್ರಿಲ್ಲಿನಲ್ಲಿ ಅಂಬೇಡ್ಕರರು ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಅಸ್ಪೃಶ್ಯ ವರ್ಗಗಳ ಪರಿಷತ್ತಿನಲ್ಲಿ ಪಾಲ್ಗೊಂಡಿದ್ದರು. ಇಪ್ಪತ್ತೈದು ವರ್ಷಗಳ ತರುವಾಯ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲು ಎಂದು ಹೆಸರು ಹಿಡಿದೇ ಬರೆಯಲಾಯಿತು. ದೇಶದ ಮೂಲಶಾಸನವೊಂದು ಹೋಟೆಲಿನ ಬಾಗಿಲಿನ ತನಕ ಬರಬೇಕಾಯಿತೆಂದರೆ, ಆ ಬಾಗಿಲು ಎಷ್ಟು ಭದ್ರವಾಗಿತ್ತೆಂಬುದನ್ನು ವಾಚಕರು ಊಹಿಸಬಹುದು.

ಹಾಗೆ ನೋಡಿದರೆ ಚೈನ್ ಹೋಟೆಲೆಂಬುದು ಸಮುದ್ರದಾಚೆಯಿಂದ ಬಂದ ಪಿಡುಗೇನೂ ಅಲ್ಲ. ಒಂದು ರುಚಿಯನ್ನು ಊರೂರಿಗೆ ಕೊಂಡೊಯ್ಯುವ ವಿದ್ಯೆಯಲ್ಲಿ ನಮ್ಮ ಉಡುಪಿಯವರು ಪಳಗಿದವರು. ಬೆಂಗಳೂರಿನ ಎಂ.ಟಿ.ಆರ್. 1924ರದು, ಕಡಂದಲೆ ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು 1938ರಲ್ಲಿ. ನೀಡುವ ಕೈಯನ್ನು ತೆಗೆದುಹಾಕುವ ಉಪಾಯ ಮಾತ್ರ ಬೇರೆ ಬೇರೆ ಕಡೆ ಹೊಳೆದಿದೆ. ಅಮೆರಿಕದ ಮೆಕ್‌ಡೊನಾಲ್ಡ್ ಸೋದರರು 1948ರಲ್ಲಿ ಕಾರಿನ ಬಳಿಗೆ ತಿನಿಸು ಒಯ್ಯುವವರನ್ನು ಕೈಬಿಟ್ಟು, ಪಟ್ಟಿಯನ್ನು ಒಂಬತ್ತು ತಿನಿಸುಗಳಿಗೆ ಇಳಿಸಿದರು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭವಾದ ದರ್ಶಿನಿ ಕುರ್ಚಿಯನ್ನೂ ತೆಗೆಯಿತು. ನಿಂತು ತಿನ್ನುವವನ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಕೇಳಲು ಪುರಸತ್ತೆಲ್ಲಿ? ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ದಾರಿಯೂ ಇತ್ತು. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರೇ ಸಹಕಾರಿ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಬೆಂಗಳೂರಿನದು. ಅಲ್ಲಿ ನೀಡುವ ಕೈಯೇ ಒಡೆಯನ ಕೈಯೂ ಆಯಿತು. ಇಂಥ ಸರಪಳಿಯ ಬಗೆಗೆ ನಮ್ಮಲ್ಲಿ ನಡೆಯಬೇಕಾದಷ್ಟು ಚರ್ಚೆ ನಡೆದಿಲ್ಲ.

ಸಾಹಿತ್ಯದ ಕಡೆ ತಿರುಗಿದರೆ, ಕನ್ನಡದಲ್ಲಿ ಅಡಿಗೆಗೆ ಬರವಿಲ್ಲ. ಮೂರನೆಯ ಮಂಗರಸ ಹದಿನಾರನೆಯ ಶತಮಾನದಲ್ಲೇ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ಬರೆದ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಂತೂ ಭತ್ತ ರಾಗಿಗಳ ಜಗಳವೇ ಕುಲದ ಜಗಳ. ಆದರೆ ಮನೆಯ ಹೊರಗೆ, ಹಣ ಕೊಟ್ಟು, ಗುರುತಿಲ್ಲದವರ ನಡುವೆ ಕೂತು ಉಣ್ಣುವ ಅನುಭವವನ್ನು ಗಂಭೀರವಾಗಿ ಹಿಡಿದ ಕೃತಿಗಳು ವಿರಳ. ಅವುಗಳಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಒಂದು. ಅದು ಆರಂಭವಾಗುವುದೂ ಕೊನೆಗಾಣುವುದೂ ಕಾಫಿ ಹೌಸ್ ಒಂದರಲ್ಲಿ. ಮಸಾಲೆಯ ವ್ಯಾಪಾರದಿಂದ ದಿಢೀರನೆ ಸಿರಿವಂತವಾದ ಮನೆಯೊಳಗೆ ಉಸಿರುಕಟ್ಟಿದ ನಿರೂಪಕ ಅಲ್ಲಿಗೆ ಬರುತ್ತಾನೆ. ವಿನ್ಸೆಂಟ್ ಎಂಬ ವೇಟರ್ ಆಡುವ ಒಂದೆರಡು ಮಾತುಗಳಲ್ಲಿ ತನ್ನ ಬದುಕಿಗೆ ಕಣಿ ಹುಡುಕುತ್ತಾನೆ.

ವಿನ್ಸೆಂಟನನ್ನು ಜ್ಞಾನಿಯೆಂದೇ ಓದುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನಿತ್ಯದ ಗಿರಾಕಿಯನ್ನು ಗುರುತಿಸಿ ಹದವರಿತು ಮಾತಾಡುವುದು ಅವನ ಕಸುಬು. ಅದರೊಳಗೆ ಜ್ಞಾನ ತುಂಬಿದವನು ನಿರೂಪಕ. ಮನೆಯಲ್ಲಿ ಸಿಗದ ಕರುಣೆಯನ್ನು ಅವನು ಕಾಫಿಯ ಬೆಲೆಗೆ ಕೊಳ್ಳುತ್ತಿದ್ದಾನೆ. ಕೃತಿಯ ಬಿಗಿ ಇರುವುದೇ ಇಲ್ಲಿ. ವಿನ್ಸೆಂಟನ ಮನೆ ಎಲ್ಲಿ, ರಾತ್ರಿ ಅವನಿಗೆ ನೀಡುವವರು ಯಾರು ಎಂಬುದು ನಿರೂಪಕನಿಗೆ ಬೇಕಿಲ್ಲ. ಲೇಖಕರು ಆ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಮೊದಲ ಓದಿನಲ್ಲಿ ನಾನದನ್ನು ಕೊರತೆಯೆಂದು ಬಗೆದು ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಆ ಮಾತನ್ನು ಈಗ ಹಿಂದೆಗೆದುಕೊಳ್ಳುತ್ತೇನೆ. ಏಕೆಂದರೆ ಎರಡು ವರ್ಷ ನನಗೆ ನೀಡಿದ ಧಾರವಾಡದ ಅವ್ವ ತಾನು ಎಷ್ಟು ಹೊತ್ತಿಗೆ ಉಣ್ಣುತ್ತಿದ್ದಳೆಂಬುದು ನನಗೂ ತಿಳಿಯದು. ಅವಳ ಹೆಸರೂ ತಿಳಿಯದು. ಬಿಲ್ಲೆ ಇರಲಿಲ್ಲ; ನಾನು ಕೇಳಲೂ ಇಲ್ಲ.

ಮೇಜಿನ ಬಳಿ ಬಂದ ಹುಡುಗನ ಬಿಲ್ಲೆಯನ್ನು ಮಿತ್ರರು ಓದಿ, ಹೆಸರು ಹಿಡಿದು ಕರೆದು, “ಯಾವೂರು ತಮ್ಮಾ?” ಎಂದು ಕೇಳಿದರು. “ರಾಯಬಾಗ ರೀ ಸರ್” ಎಂದ. ಹಿಂದಿ ಅಲ್ಲಿಗೆ ಬಿಟ್ಟುಹೋಯಿತು. ಇನ್ನೊಂದು ರೊಟ್ಟಿ ಸಿಗುವುದೋ ಎಂದು ನಾನು ಕೇಳಿದೆ. ಅವನು ಕೈಯಲ್ಲಿದ್ದ ಯಂತ್ರವನ್ನೊಮ್ಮೆ ನೋಡಿದ.

“ರೊಟ್ಟಿಗೆ ಇದರಾಗ ಒತ್ತಬೇಕಾಗ್ತೈತ್ರಿ ಸರ್, ಬಿಲ್ಲಿಗೆ ಬರತೈತಿ. ಹಿಂಡಿ ಬೇಕಂದ್ರ ಹೇಳ್ರಿ, ಅದಕ್ಕ ಒತ್ತೂದಿಲ್ಲ.”

ಒಳಗೆ ಹೋಗಿ ಒಂದು ಬಟ್ಟಲ ತುಂಬ ಶೇಂಗಾ ಹಿಂಡಿ ತಂದ. ಬಟ್ಟಲನ್ನು ಮೇಜಿನ ಮೇಲಿಟ್ಟು ಹೋಗಬಹುದಿತ್ತು. ಹೋಗದೆ, ಚಮಚದಿಂದ ಮೊದಲು ಮಿತ್ರರ ತಟ್ಟೆಗೆ, ಆಮೇಲೆ ನನ್ನ ತಟ್ಟೆಗೆ ನೀಡಿದ.