ಶಿಶುಸಾಹಿತ್ಯದ ಪ್ರಕಾರವಿವೇಕ

ಪುಸ್ತಕದಂಗಡಿಯಲ್ಲಿ ‘ಮಕ್ಕಳ ಸಾಹಿತ್ಯ’ವೆಂಬ ಒಂದೇ ಫಲಕದ ಕೆಳಗೆ ಪ್ರಾಸಪದ್ಯ, ಪ್ರಾಣಿಕಥೆ, ನಾಟಕ, ಮಹಾಪುರುಷರ ಚರಿತ್ರೆ, ವಿಜ್ಞಾನದ ಹೊತ್ತಗೆಗಳೆಲ್ಲ ಒಟ್ಟಿಗೆ ರಾಶಿಬಿದ್ದಿರಲು, ಅವೆಲ್ಲಕ್ಕೂ ‘ಇದರಿಂದ ದೊರೆಯುವ ನೀತಿ ಯಾವುದು?’ ಎಂಬ ಒಂದೇ ಪ್ರಶ್ನೆಯನ್ನು ಒಡ್ಡುವ ಹಿರಿಯರು ನಮ್ಮಲ್ಲಿ ಬಹಳ. ಪ್ರಶ್ನೆ ಸದುದ್ದೇಶದ್ದೇ ಆದರೂ ಅದರಿಂದ ರಸಜ್ಞತೆಗೆ ಹಾನಿಯೇ ಹೆಚ್ಚು. ಏಕೆಂದರೆ ಶಿಶುಸಾಹಿತ್ಯದ ಒಂದೊಂದು ಪ್ರಕಾರಕ್ಕೂ ತನ್ನದೇ ಆದ ಧರ್ಮವುಂಟು, ಆ ಧರ್ಮವನ್ನು ಕೃತಿ ಪಾಲಿಸಿತೇ ಇಲ್ಲವೇ ಎಂಬುದೇ ಅದರ ಗುಣದೋಷಗಳಿಗೆ ತಕ್ಕ ಒರೆಗಲ್ಲು.

ಶಿಶುಪ್ರಾಸದ ಧರ್ಮ ನಾದ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ಜಂಬದ ಹುಡುಗನಿಗೆ ತಕ್ಕ ಶಾಸ್ತಿಯಾಗುವುದು ದಿಟವಾದರೂ, ಮಗುವು ಮತ್ತೆ ಮತ್ತೆ ಹೇಳಿಸಿಕೊಳ್ಳುವುದು ಆ ಶಾಸ್ತಿಗಾಗಿ ಅಲ್ಲ, ಇಂಪಾಗಿ ಮೊಳಗುತ್ತಿದ್ದ ವಾದ್ಯ ನೀರು ಕುಡಿದು ಸ್ವರಗೆಡುವ ಆ ಗಳಿಗೆಯ ಸದ್ದಿಗಾಗಿ. ಕಥನಕವನಕ್ಕೆ ನಾದದೊಡನೆ ನಾಡೂ ಬೇಕು: ಬ್ರೌನಿಂಗನ ಇಲಿಗಾರನನ್ನು ಕುವೆಂಪು ಅವರು ಜರ್ಮನಿಯ ವೇಸರ್ ತೀರದಿಂದ ತುಂಗೆಯ ದಡದ ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿಯನ್ನಾಗಿಸಿದುದರಿಂದಲೇ ಅವನು ನಮ್ಮವನಾದನು.

ಅಜ್ಜಿಯ ಕಥೆಯ ಧರ್ಮವಾದರೋ ಪುನರುಕ್ತಿ. ಕಾಗಕ್ಕ ಗುಬ್ಬಕ್ಕರ ಕಥೆಯನ್ನೇ ನೋಡಿ. ಮಳೆಯಲ್ಲಿ ಮನೆ ಕೊಚ್ಚಿಹೋದ ಕಾಗಕ್ಕ ಬಾಗಿಲು ತಟ್ಟುತ್ತಾಳೆ. ಒಳಗಿನ ಗುಬ್ಬಕ್ಕ, ಮಗುವಿಗೆ ಎಣ್ಣೆಯೊತ್ತುತ್ತಿದ್ದೇನೆ ತಾಳು ಎನ್ನುತ್ತಾಳೆ, ಬಳಿಕ ನೀರೆರೆಯುತ್ತಿದ್ದೇನೆ ಎನ್ನುತ್ತಾಳೆ, ಬಳಿಕ ಉಣಿಸುತ್ತಿದ್ದೇನೆ, ತೂಗುತ್ತಿದ್ದೇನೆ ಎನ್ನುತ್ತಾಳೆ. ಹೊರಗೆ ಮಳೆ, ಒಳಗೆ ಆರೈಕೆ. ಕೇಳುವ ಮಗುವು ತನ್ನದೇ ದಿನಚರಿಯನ್ನು ಗುರುತಿಸಿ, ಮುಂದಿನ ಉತ್ತರವನ್ನು ಅಜ್ಜಿಗಿಂತ ಮೊದಲೇ ತಾನೇ ಹೇಳಿಬಿಡುತ್ತದೆ. ಈ ಮರುನುಡಿಗಳನ್ನು ಅನವಶ್ಯಕವೆಂದು ಕತ್ತರಿಸಿ, ಕೊನೆಯಲ್ಲಿ ದಪ್ಪಕ್ಷರದ ನೀತಿವಾಕ್ಯವನ್ನು ಹಚ್ಚುವ ಸಂಪಾದಕನು ಕಥೆಯ ಪ್ರಾಣವನ್ನು ತೆಗೆದು ಅದರ ವಿಳಾಸವನ್ನಷ್ಟೇ ಉಳಿಸುತ್ತಾನೆ.

ಹಾಗೆಂದು ನೀತಿಕಥೆಯನ್ನು ಹಳಿಯಬೇಕಾದುದಿಲ್ಲ. ಅದೂ ಒಂದು ಪ್ರಕಾರ, ಪುರಾತನವಾದುದು. 11ನೆಯ ಶತಮಾನದಲ್ಲಿ ದುರ್ಗಸಿಂಹನು ವಸುಭಾಗಭಟ್ಟನ ಪರಂಪರೆಯನ್ನನುಸರಿಸಿ ಕನ್ನಡಿಸಿದ ಪಂಚತಂತ್ರ ನಮ್ಮಲ್ಲುಂಟು. ಆದರೆ ಅಲ್ಲಿಯ ನೀತಿ ಸಾಧುತ್ವದ ಬೋಧೆಗಿಂತ ಮಿಗಿಲಾಗಿ ಲೋಕವ್ಯವಹಾರದ ಚಾತುರ್ಯ, ಯಾರನ್ನು ಎಷ್ಟು ನಂಬಬೇಕೆಂಬ ಎಚ್ಚರ. ಈ ಭೇದವನ್ನು ಅರಿಯದೆ ಅದನ್ನು ಸೌಮ್ಯಗೊಳಿಸಿದರೆ ನರಿಯ ಹಲ್ಲನ್ನೇ ಕಿತ್ತಂತೆ.

ನಾಟಕದ ಧರ್ಮ ಆಟ. ಗಿಳಿಗೆ ವಿದ್ಯೆ ಕಲಿಸಹೊರಟ ರವೀಂದ್ರರ ಕಥೆಯಿಂದ ಬಿ. ವಿ. ಕಾರಂತರು ರೂಪಿಸಿದ ‘ಪಂಜರಶಾಲೆ’ಯನ್ನು ಓದಿ ಮುಗಿಸಿದರೆ ಅರ್ಧವೇ ಸಿಕ್ಕಂತೆ, ಮಕ್ಕಳು ಅದನ್ನು ಹಾಡಿ ಕುಣಿದಾಗಲೇ ಅದು ಪೂರ್ಣ. ಜ್ಞಾನಗ್ರಂಥದ ಧರ್ಮ ನಿಖರತೆ: ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದಾಗ ಬಾಲರೆಂಬ ಕಾರಣಕ್ಕೆ ಪ್ರಪಂಚವನ್ನು ಕಿರಿದುಗೊಳಿಸಲಿಲ್ಲ. ಇನ್ನು ಕಾದಂಬರಿ, ಏಕಾಂತದಲ್ಲಿ ದಿನಗಟ್ಟಲೆ ಕುಳಿತು ಓದುವ ಬೆಳೆದ ಮಕ್ಕಳದು. ಈ ಪ್ರಕಾರದ ಕೃಷಿ ನಮ್ಮಲ್ಲಿ ವಿರಳವಾದುದರಿಂದಲೇ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಹೆಚ್ಚು ಬೆಲೆಯುಳ್ಳದ್ದು.

ಆದುದರಿಂದ ಮುಂದಿನ ಬಾರಿ ಮಗುವಿಗೆ ಪುಸ್ತಕ ಕೊಳ್ಳುವ ಮಹನೀಯರು ನೀತಿಯನ್ನು ಹುಡುಕುವುದಕ್ಕೆ ಮೊದಲು ಪದ್ಯವಾದರೆ ಗಟ್ಟಿಯಾಗಿ ಓದಿ ಕಿವಿಗೊಡಲಿ, ಕಥೆಯಾದರೆ ಮರುನುಡಿಗಳು ಉಳಿದಿವೆಯೇ ನೋಡಲಿ, ಜ್ಞಾನಗ್ರಂಥವಾದರೆ ತಾವು ಬಲ್ಲ ಒಂದು ವಿಷಯವನ್ನು ಅದರಲ್ಲಿ ಪರೀಕ್ಷಿಸಲಿ. ಇಷ್ಟಾದ ಮೇಲೆ ಆಯ್ಕೆಯನ್ನು ಮಗುವಿಗೇ ಬಿಡುವುದು ಮೇಲು.